ಟ್ರಯಲ್ ಬೆಂಗಳೂರಲ್ಲಲ್ಲ, ಗುಂಡ್ಲುಪೇಟೆಲಿ ಮಾಡಿ

ಹಾಸ್ಟೆಲಿನಲ್ಲಿ ನೂರು ಜನ ಫೋನಿನಲ್ಲಿ ಒಂದೇ ಮ್ಯಾಚ್ ನೋಡಿದರೆ, ಟವರ್ ಅದೇ ದೃಶ್ಯವನ್ನ ನೂರು ಸಲ ಕಳಿಸಬೇಕು. ಕೊನೇ ಓವರಿಗೆ ಸರಿಯಾಗಿ ಬಫರಿಂಗ್! ಟಿವಿ ಪ್ರಸಾರಕ್ಕೆ ಈ ಕಷ್ಟ ಇಲ್ಲ. ಟ್ರಾನ್ಸ್‌ಮಿಟರ್ ಕಳಿಸೋದು ಒಂದೇ ಸಲ; ಹತ್ತು ಜನ ನೋಡಿದರೂ ಅಷ್ಟೇ, ಹತ್ತು ಸಾವಿರ ಜನ ನೋಡಿದರೂ ಅಷ್ಟೇ. ಹಾಗಾದರೆ ಇದು ನೇರವಾಗಿ ಫೋನಿಗೇ ಯಾಕೆ ಬರಬಾರದು?

ಒಂದು ಸಲ ಬಂದಿತ್ತು. 2004ರಲ್ಲಿ ಯುರೋಪಿನಲ್ಲಿ ಡಿವಿಬಿ-ಎಚ್ ಅನ್ನೋ ಸ್ಟ್ಯಾಂಡರ್ಡ್ ಆಯ್ತು. ದೊಡ್ಡ ತಲೆನೋವು ಬ್ಯಾಟರಿ. ಟ್ಯೂನರ್ ಸದಾ ಆನ್ ಇದ್ದರೆ ಚಾರ್ಜ್ ನಿಲ್ಲಲ್ಲ. ಅದಕ್ಕೆ ಸಿಕ್ಕ ಉಪಾಯವೇ ಟೈಮ್ ಸ್ಲೈಸಿಂಗ್. ಒಂದು ಚಾನೆಲ್ಲಿನ ಡೇಟಾ ಸಣ್ಣಗೆ ಸುರಿಯೋ ಬದಲು ಪೂರ್ತಿ ವೇಗದಲ್ಲಿ ಗಂಟು ಗಂಟಾಗಿ ಬರುತ್ತೆ. ಈ ಗಂಟಿನ ಹೆಸರು ಬರ್ಸ್ಟ್.

ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗೋರನ್ನ ನೋಡಿ. ಮುಂದಿನ ಬಸ್ ಎಷ್ಟು ಹೊತ್ತಿಗೆ ಅಂತ ಗೊತ್ತಿದ್ದರೆ ಯಾರೂ ದಿನವಿಡೀ ಸ್ಟ್ಯಾಂಡಿನಲ್ಲಿ ನಿಲ್ಲಲ್ಲ. ಇಲ್ಲೂ ಅದೇ. ಮುಂದಿನ ಬರ್ಸ್ಟ್ ಇನ್ನೆಷ್ಟು ಹೊತ್ತಿಗೆ ಅಂತ ಈ ಬರ್ಸ್ಟ್ ಒಳಗೇ ಇರುತ್ತೆ. ಅದೇ ಡೆಲ್ಟಾ-ಟಿ. "ಈಗಿಂದ ಇಷ್ಟು" ಅನ್ನೋ ಲೆಕ್ಕ ಆಗಿರೋದರಿಂದ ಫೋನಿನ ಗಡಿಯಾರ ಹಿಂದೆಮುಂದೆ ಇದ್ದರೂ ತೊಂದರೆ ಇಲ್ಲ. ಅಲ್ಲಿವರೆಗೆ ಟ್ಯೂನರ್ ಮಲಗುತ್ತೆ.

ಲೆಕ್ಕ ಹಾಕೋಣ. ಬರ್ಸ್ಟ್ 2 ಮೆಗಾಬಿಟ್, ವೇಗ ಸೆಕೆಂಡಿಗೆ 10 ಮೆಗಾಬಿಟ್ ಅಂದರೆ 0.2 ಸೆಕೆಂಡಿನಲ್ಲಿ ಕೆಲಸ ಮುಗೀತು. ವಿಡಿಯೋಗೆ ಸೆಕೆಂಡಿಗೆ 350 ಕಿಲೋಬಿಟ್ ಸಾಕಾದರೆ ಆ ಗಂಟು ಸುಮಾರು 5.7 ಸೆಕೆಂಡ್ ಓಡುತ್ತೆ. ಟ್ಯೂನರ್ ಎದ್ದು ಸಿಗ್ನಲ್ ಹಿಡಿಯೋಕೆ ಕಾಲು ಸೆಕೆಂಡ್ ಸೇರಿಸಿದರೂ, ಅದರ ವಿದ್ಯುತ್ ಶೇ. 90ರಷ್ಟು ಉಳೀತು.

ಇಷ್ಟಾದರೂ ಡಿವಿಬಿ-ಎಚ್ ಉಳಿಯಲಿಲ್ಲ. ದೂರದರ್ಶನ 2007ರಲ್ಲಿ ದೆಹಲಿಯಲ್ಲಿ ಪ್ರಯೋಗ ಮಾಡಿತು. ಅದನ್ನ ಹಿಡಿಯೋ ಫೋನುಗಳು ಕೆಲವೇ ಇದ್ದವು, ಅಷ್ಟರಲ್ಲಿ ಮೊಬೈಲ್ ಇಂಟರ್ನೆಟ್ಟೂ ಬೆಳೆದುಬಿಡ್ತು. ಸೋತಿದ್ದು ಎಂಜಿನಿಯರಿಂಗ್ ಅಲ್ಲ, ಮಾರ್ಕೆಟ್.

ಈಗ ಡಿ2ಎಂ, ಅಂದರೆ ಡೈರೆಕ್ಟ್ ಟು ಮೊಬೈಲ್, ಮತ್ತೆ ಅದೇ ಬಾಗಿಲು ತಟ್ತಿದೆ. ಸ್ಟ್ಯಾಂಡರ್ಡ್ ಬೇರೆ, ಒಂದೇ ಪ್ರಸಾರ ಎಲ್ಲರ ಫೋನಿಗೂ ಅನ್ನೋ ತತ್ವ ಅದೇ. ಚಿಪ್ ಮಾಡಿದ ಸಾಂಖ್ಯ ಲ್ಯಾಬ್ಸ್ ನಮ್ಮ ಬೆಂಗಳೂರಿನದೇ. ಪ್ರಯೋಗ ನಡೆದಿದ್ದು ಎಲ್ಲಿ? ಬೆಂಗಳೂರು, ನೊಯ್ಡಾ, ದೆಹಲಿಯ ಕರ್ತವ್ಯ ಪಥ. ಹೊಟ್ಟೆ ತುಂಬಿದವರಿಗೇ ಮತ್ತೆ ಊಟ ಬಡಿಸಿದ ಹಾಗಾಯ್ತು.

ನಮ್ಮ ಜಿಲ್ಲೆ ನೋಡಿ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋದರೆ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯ. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠ ಬಂತು, ಡೇಟಾ ಪ್ಯಾಕ್ ಬೇಕಿರಲಿಲ್ಲ. ಆದರೆ ಮನೆಯಲ್ಲಿ ಟಿವಿ ಬೇಕು, ಆ ಹೊತ್ತಿಗೆ ಕರೆಂಟೂ ಇರಬೇಕು. ಅದೇ ಪಾಠ ಅಪ್ಪನ ಫೋನಿಗೇ ನೇರ ಬಂದಿದ್ದರೆ?

ಪ್ರಸಾರಕ್ಕೂ ಟವರ್ ಬೇಕು, ಫೋನಿನಲ್ಲಿ ಚಿಪ್ ಬೇಕು, ಮಕ್ಕಳು ವಾಪಸ್ ಪ್ರಶ್ನೆ ಕೇಳೋಕಾಗಲ್ಲ, ನಿಜ. ಅದನ್ನೆಲ್ಲ ಪರೀಕ್ಷೆ ಮಾಡೋಕೇ ತಾನೇ ಟ್ರಯಲ್? ಕಷ್ಟ ಇರೋ ಜಾಗದಲ್ಲಿ ಗೆದ್ದರೆ ಎಲ್ಲ ಕಡೆ ಗೆದ್ದ ಹಾಗೆ.

ನಾವೂ ಸುಮ್ಮನೆ ಕೂರೋದು ಬೇಡ. ಚಾಮರಾಜನಗರ–ಗುಂಡ್ಲುಪೇಟೆ ದಾರಿಯಲ್ಲಿ ಎಲ್ಲೆಲ್ಲಿ ಸಿಗ್ನಲ್ ಸಾಯುತ್ತೆ ಅಂತ ಫೋನಿನಲ್ಲೇ ಅಳೆದು ಒಂದು ಮ್ಯಾಪ್ ಮಾಡಬಹುದು. ಮಿನಿ ಪ್ರಾಜೆಕ್ಟೂ ಆಯ್ತು, ಕೇಳೋಕೆ ಕೈಯಲ್ಲೊಂದು ಲೆಕ್ಕವೂ ಆಯ್ತು. ಯಾರ್ಯಾರು ಬರ್ತೀರಿ?