ಕೆಟಮಿನ್ ಹುಡುಕುವ ಮುನ್ನ ಆಸ್ಪತ್ರೆ ಹುಡುಕಿ

ಎರಡು ಮೂರು ಬಗೆಯ ಮಾತ್ರೆ ನುಂಗಿದರೂ ಖಿನ್ನತೆ ಬಿಡದ ರೋಗಿಗಳ ಮನೆಯವರು ಈಗ ಹೊಸ ಹೆಸರೊಂದನ್ನು ಹಿಡಿದು ವಿಚಾರಿಸತೊಡಗಿದ್ದಾರೆ: ಕೆಟಮಿನ್. ಮೊಬೈಲ್‌ನಲ್ಲಿ ಹುಡುಕಿದರೆ ಅಮೆರಿಕದ ಕ್ಲಿನಿಕ್‌ಗಳ ಜಾಹೀರಾತು, ಗುಣವಾದವರ ವಿಡಿಯೊಗಳು ಸಾಲುಗಟ್ಟಿ ಬರುತ್ತವೆ. ಅವು ಕೊಡುವ ಭರವಸೆ ಪೂರ್ತಿ ಸುಳ್ಳಲ್ಲ. ಆದರೆ ಬೇಕಾಗಿರುವುದು ಕೇಳಿದವರಿಗೆಲ್ಲ ಈ ಔಷಧ ಕೊಡುವ ಜಾಗವಲ್ಲ. ಯಾರಿಗೆ ಕೊಡಬಾರದು ಎಂದು ಗೊತ್ತಿರುವ ಆಸ್ಪತ್ರೆ.

ಕೆಟಮಿನ್ ಹೊಸ ಔಷಧವೇನಲ್ಲ. 1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಗಾಗಿ ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಸ್ಟೀವನ್ಸ್ ಇದನ್ನು ತಯಾರಿಸಿದರು. 1970ರಲ್ಲಿ ಅರಿವಳಿಕೆ ಮದ್ದಾಗಿ ಒಪ್ಪಿಗೆ ಪಡೆದು ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಬಳಕೆಯಾಯಿತು. ಉಳಿದ ಅರಿವಳಿಕೆಗಳಷ್ಟು ಉಸಿರಾಟವನ್ನು ಕುಗ್ಗಿಸದ ಕಾರಣ ಸಣ್ಣ ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ಕೊಠಡಿಗೂ ಅದು ಹೊಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ.

ಮನೋವೈದ್ಯರ ಗಮನ ಇದರತ್ತ ಹರಿದದ್ದು ತಡವಾಗಿ. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಕೆಲವೇ ರೋಗಿಗಳ ಮೇಲೆ ಪ್ರಯೋಗ ಮಾಡಿ ಫಲಿತಾಂಶ ಪ್ರಕಟಿಸಿತು. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕಾರ್ಲೋಸ್ ಜರಾಟೆ ಮತ್ತು ಸಂಗಡಿಗರು ಯಾವ ಮಾತ್ರೆಗೂ ಬಗ್ಗದ ಖಿನ್ನತೆಯಿದ್ದ 18 ಮಂದಿಯನ್ನು ಪರೀಕ್ಷಿಸಿದರು. ನಲವತ್ತು ನಿಮಿಷಗಳ ಒಂದೇ ಡ್ರಿಪ್. ಮರುದಿನಕ್ಕೆ ಶೇ 71ರಷ್ಟು ಜನರಲ್ಲಿ ಗಣನೀಯ ಸುಧಾರಣೆ. ಮಾಮೂಲಿ ಖಿನ್ನತೆ ನಿವಾರಕಗಳು ಫಲ ತೋರಲು ವಾರಗಳೇ ಬೇಕು. ಅವು ಬಹುಪಾಲು ಸೆರೊಟೊನಿನ್‌ನಂಥ ರಾಸಾಯನಿಕಗಳ ಮೂಲಕ ಕೆಲಸ ಮಾಡಿದರೆ, ಕೆಟಮಿನ್ ಮಿದುಳಿನ ಗ್ಲುಟಮೇಟ್ ವ್ಯವಸ್ಥೆಯನ್ನು ಮುಟ್ಟುತ್ತದೆ. ಸಾಯುವ ಯೋಚನೆಯಲ್ಲೇ ದಿನ ದೂಡುತ್ತಿರುವವರಿಗೆ ಈ ವೇಗ ಬಹು ದೊಡ್ಡದು.

ಅದೇ ಪ್ರಯೋಗ ಇನ್ನೊಂದು ಸಂಗತಿಯನ್ನೂ ಹೇಳಿತ್ತು. ಒಂದು ವಾರದವರೆಗೆ ಸುಧಾರಣೆ ಉಳಿದದ್ದು ಶೇ 35ರಷ್ಟು ಜನರಲ್ಲಿ ಮಾತ್ರ. ಅಂದರೆ ಚಿಕಿತ್ಸೆಯನ್ನು ಮತ್ತೆ ಮತ್ತೆ ಕೊಡಬೇಕು, ಜೊತೆಗೆ ಬೇರೆ ಔಷಧ, ಆಪ್ತಸಮಾಲೋಚನೆ ನಡೆಯಬೇಕು. 2023ರಲ್ಲಿ ಕೆಟಮಿನ್ ಮತ್ತು ಇಸಿಟಿಯನ್ನು (ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಹೋಲಿಸಿ ನೋಡಿದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಕೆಟಮಿನ್‌ಗೆ ಶೇ 55, ಇಸಿಟಿಗೆ ಶೇ 41ರಷ್ಟು ರೋಗಿಗಳು ಸ್ಪಂದಿಸಿದರು. ಭ್ರಮೆಗಳಿಂದ ಕೂಡಿದ ತೀವ್ರ ಖಿನ್ನತೆಯವರನ್ನು ಆ ಅಧ್ಯಯನದಿಂದ ಹೊರಗಿಡಲಾಗಿತ್ತು ಎಂಬುದನ್ನು ಮರೆಯಬಾರದು. ಅಂಥವರಿಗೆ ಇಸಿಟಿ ಇಂದಿಗೂ ಬಲವಾದ ಚಿಕಿತ್ಸೆ. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ, ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆಯಲ್ಲಿದ್ದ 40 ಖಿನ್ನತೆಯ ರೋಗಿಗಳಲ್ಲಿ ಕೆಲವರಿಗೆ ಕೆಟಮಿನ್, ಉಳಿದವರಿಗೆ ಔಷಧವಿಲ್ಲದ ದ್ರಾವಣ ಕೊಟ್ಟರು. ಯಾರಿಗೆ ಏನು ಸಿಕ್ಕಿತೆಂದು ರೋಗಿಗೇ ತಿಳಿಯದಿದ್ದಾಗ ಎರಡೂ ಗುಂಪು ಒಂದೇ ತೆರನಾಗಿ ಚೇತರಿಸಿಕೊಂಡವು. ಕೆಟಮಿನ್ ನಿರುಪಯುಕ್ತ ಎಂದು ಇದರಿಂದ ತೀರ್ಮಾನಿಸಲಾಗದು. ನಿರೀಕ್ಷೆಯ ಪಾಲು ಎಷ್ಟು ದೊಡ್ಡದಿರಬಹುದು ಎಂಬುದಂತೂ ಸ್ಪಷ್ಟವಾಯಿತು. ಆತಂಕ, ಗೀಳು, ಆಘಾತದ ನಂತರದ ತೊಂದರೆಗಳಿಗೂ ಕೆಟಮಿನ್ ಆಗುತ್ತದೆ ಎಂದು ಹೇಳುವವರ ಬಳಿ ಇರುವ ಪುರಾವೆ ಇನ್ನೂ ತೆಳು.

ಅಮೆರಿಕದಲ್ಲಿ ಮಾರುಕಟ್ಟೆ ಪುರಾವೆಗಿಂತ ಮುಂದೆ ಓಡಿತು. ಅಲ್ಲಿ ಖಿನ್ನತೆಗೆಂದು ಅಧಿಕೃತ ಒಪ್ಪಿಗೆ ಇರುವುದು ಎಸ್‌ಕೆಟಮಿನ್ ಎಂಬ ಮೂಗಿನ ಸ್ಪ್ರೇಗೆ, ಅದೂ 2019ರಿಂದ. ಪ್ರಮಾಣೀಕೃತ ಕೇಂದ್ರದಲ್ಲೇ ತೆಗೆದುಕೊಳ್ಳಬೇಕು, ಕನಿಷ್ಠ ಎರಡು ಗಂಟೆ ನಿಗಾದಲ್ಲಿರಬೇಕು ಎಂಬ ಷರತ್ತೂ ಇದೆ. ಸಾಮಾನ್ಯ ಕೆಟಮಿನ್‌ಗೆ ಇರುವುದು ಅರಿವಳಿಕೆಯ ಒಪ್ಪಿಗೆ ಮಾತ್ರ. ಆದರೂ ನೂರಾರು ಕ್ಲಿನಿಕ್‌ಗಳು ತಲೆಯೆತ್ತಿದವು. ಕೋವಿಡ್ ಕಾಲದಲ್ಲಿ ನಿಯಮ ಸಡಿಲವಾದ ಮೇಲೆ ವಿಡಿಯೊ ಕರೆಯಲ್ಲಿ ಮಾತನಾಡಿದರೆ ಸಾಕು, ಮಾತ್ರೆ ಮನೆ ಬಾಗಿಲಿಗೇ ಬರತೊಡಗಿತು. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಮನೆಯಲ್ಲಿ ಕೆಟಮಿನ್ ನುಂಗಿದ ರೋಗಿಯೊಬ್ಬರ ಉಸಿರಾಟ ಕುಗ್ಗಿದ ಪ್ರಕರಣವನ್ನು ಅದರಲ್ಲಿ ದಾಖಲಿಸಿತ್ತು. ಅದೇ ತಿಂಗಳು ‘ಫ್ರೆಂಡ್ಸ್’ ಧಾರಾವಾಹಿಯ ನಟ ಮ್ಯಾಥ್ಯೂ ಪೆರಿ ತೀರಿಕೊಂಡರು. ಕೆಟಮಿನ್‌ನ ತೀವ್ರ ಪರಿಣಾಮವೇ ಸಾವಿಗೆ ಮುಖ್ಯ ಕಾರಣ ಎಂದು ಮರಣೋತ್ತರ ವರದಿ ಹೇಳಿತು. ಅವರು ಖಿನ್ನತೆಗಾಗಿ ಕೆಟಮಿನ್ ಚಿಕಿತ್ಸೆ ಪಡೆಯುತ್ತಿದ್ದರು ನಿಜ. ಆದರೆ ಅವರ ದೇಹದಲ್ಲಿದ್ದದ್ದು ಒಂದೂವರೆ ವಾರದ ಹಿಂದಿನ ಆ ಡ್ರಿಪ್‌ನ ಔಷಧವಾಗಿರಲು ಸಾಧ್ಯವಿಲ್ಲ ಎಂದೂ ವರದಿ ತಿಳಿಸಿತು.

ಭಾರತದಲ್ಲಿ ಕಾನೂನಿನ ಬೇಲಿ ಗಟ್ಟಿಯಾಗಿದೆ. 2011ರಲ್ಲೇ ಕೆಟಮಿನ್ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಬಂದಿದೆ, ಔಷಧ ನಿಯಮಗಳ ‘ಶೆಡ್ಯೂಲ್ ಎಕ್ಸ್’ ಪಟ್ಟಿಗೂ ಸೇರಿದೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಇಂಥ ಔಷಧವನ್ನು ಫೋನ್, ವಿಡಿಯೊ ಮೂಲಕ ಬರೆದುಕೊಡುವಂತಿಲ್ಲ. ಮನೆಗೇ ಕಳಿಸುತ್ತೇವೆ ಎನ್ನುವವರು ಸಿಕ್ಕರೆ ಅವರಿಂದ ದೂರವಿರುವುದೇ ಕ್ಷೇಮ.

ಹಾಗಾದರೆ ಹುಡುಕಾಟ ಹೇಗಿರಬೇಕು? ಮೊದಲ ಭೇಟಿ ಮನೋವೈದ್ಯರದ್ದೇ ಆಗಬೇಕು. ಹಿಂದಿನ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟಿದ್ದರೇ? ಥೈರಾಯ್ಡ್ ತೊಂದರೆ, ಕುಡಿತ, ಬೈಪೋಲಾರ್ ಕಾಯಿಲೆ ಖಿನ್ನತೆಯ ಹಿಂದೆ ಅಡಗಿದೆಯೇ? ಇದನ್ನೆಲ್ಲ ನೋಡದೆ ಡ್ರಿಪ್ ಏರಿಸಲು ಹೊರಡುವ ಜಾಗ ಬೇಡ. ಹತೋಟಿಗೆ ಬಾರದ ಬಿ.ಪಿ., ಮನೋವಿಕಲತೆ, ಗರ್ಭ, ಮಾದಕ ವ್ಯಸನ ಇದ್ದರೆ ಮುಚ್ಚಿಡದೆ ಹೇಳಬೇಕು. ಡ್ರಿಪ್ ನಡೆಯುವಾಗ ಬಿ.ಪಿ. ಏರಬಹುದು, ದೇಹದಿಂದ ತಾನೇ ಬೇರೆಯಾದಂತೆ ಅನಿಸಬಹುದು. ಆದ್ದರಿಂದ ಅರಿವಳಿಕೆ ತಜ್ಞರು, ಮಾನಿಟರ್, ಆಮ್ಲಜನಕ ಇವೆಯೇ ಎಂದು ಕೇಳುವುದು ರೋಗಿಯ ಹಕ್ಕು. ಆ ದಿನ ಗಾಡಿ ಓಡಿಸಬಾರದು, ಮನೆಯವರೊಬ್ಬರು ಜೊತೆಗಿರಬೇಕು. ಹೆಚ್ಚು ಪ್ರಮಾಣದಲ್ಲಿ ಪದೇಪದೇ ಬಳಸಿದವರಲ್ಲಿ ಮೂತ್ರಕೋಶಕ್ಕೆ ಹಾನಿಯಾದದ್ದೂ ದಾಖಲಾಗಿದೆ. ಎಷ್ಟು ಸಲ, ಎಷ್ಟು ಖರ್ಚು, ಫಲ ಸಿಗದಿದ್ದರೆ ಮುಂದೇನು ಎಂಬುದಕ್ಕೆ ಮೊದಲ ದಿನವೇ ಉತ್ತರ ಸಿಗಬೇಕು.

ಈ ಪ್ರಶ್ನೆಗಳ ಹೊರೆಯನ್ನೆಲ್ಲ ನೊಂದ ಕುಟುಂಬದ ಮೇಲೆ ಹೊರಿಸಿ ಸರ್ಕಾರ ಸುಮ್ಮನಿರುವುದು ತಪ್ಪು. ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಖಿನ್ನತೆಯಿರುವ ಶೇ 85ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಮೊದಲ ಮಾತ್ರೆಯೇ ತಲುಪದ ಕಡೆ ದುಬಾರಿ ಡ್ರಿಪ್‌ನ ಅಂಗಡಿಗಳು ತೆರೆದರೆ ಹಣವಿದ್ದವರು ಮೋಸ ಹೋಗುತ್ತಾರೆ, ಇಲ್ಲದವರು ವಂಚಿತರಾಗುತ್ತಾರೆ. ಕೆಟಮಿನ್ ಪೇಟೆಂಟ್ ಕಳೆದ ಹಳೆಯ ಔಷಧ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವೂ ಅರಿವಳಿಕೆ ವಿಭಾಗವೂ ಒಂದೇ ಆವರಣದಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ತಜ್ಞರನ್ನು ಕೂರಿಸಿ ಯಾರಿಗೆ, ಎಷ್ಟು, ಯಾವ ನಿಗಾದಲ್ಲಿ ಕೊಡಬೇಕೆಂಬ ಮಾರ್ಗಸೂಚಿಯನ್ನು ಕನ್ನಡದಲ್ಲೂ ಪ್ರಕಟಿಸಲು ಆರೋಗ್ಯ ಇಲಾಖೆಗೆ ಅಡ್ಡಿಯೇನಿಲ್ಲ. ಈ ಚಿಕಿತ್ಸೆ ಕೊಡುವ ನೋಂದಾಯಿತ ಆಸ್ಪತ್ರೆಗಳ ಪಟ್ಟಿಯನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಎಲ್ಲರಿಗೂ ಸಿಗುವಂತೆ ಇಡಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕೇಳಿದವರಿಗೆ ತಮ್ಮ ಜಿಲ್ಲೆಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಅಲ್ಲಿನ ಸಿಬ್ಬಂದಿ ಹೇಳುವಂತಾಗಬೇಕು.