ಒಂದೇ ತಕ್ಕಡಿಗೆ ಎರಡು ಬಗೆಯ ಕಲ್ಲೇಕೆ?

ಪೇಟೆಯಲ್ಲಿ ಕೂತು ವ್ಯಾಪಾರ ಮಾಡುವವರಿಗೆ ಒಂದು ಮಾತನ್ನು ನಾವು ಹೇಳಿಕೊಡಬೇಕಾಗಿಲ್ಲ. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು ಕಲ್ಲು ಇಡುವವನ ಅಂಗಡಿಗೆ ಜನ ಎರಡನೆಯ ಸಲ ಹೋಗುವುದಿಲ್ಲ. ದೇಶಗಳ ಮಾತೂ ಇಷ್ಟೆ. ಒಬ್ಬನ ಆಕ್ರಮಣವನ್ನು ಒಂದು ಕಲ್ಲಿನಿಂದಲೂ ಇನ್ನೊಬ್ಬನ ಆಕ್ರಮಣವನ್ನು ಬೇರೊಂದು ಕಲ್ಲಿನಿಂದಲೂ ತೂಗುವ ದೇಶ ಶಾಂತಿಯ ಮಾತಾಡಿದರೆ ಅದಕ್ಕೆ ಬೆಲೆ ಸಿಕ್ಕುವುದಿಲ್ಲ. ಉಕ್ರೇನಿನ ಯುದ್ಧದಲ್ಲಿ ಜಗತ್ತಿನ ದೊಡ್ಡ ರಾಷ್ಟ್ರಗಳೂ ಅವುಗಳ ಜೊತೆಗೆ ನಮ್ಮ ಸರ್ಕಾರವೂ ಮಾಡಿದ ತಪ್ಪು ಇದೇ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ನಡೆದದ್ದೇನು? 2022ರ ಫೆಬ್ರವರಿ 24ರ ಬೆಳಗಿನ ಜಾವ ರಷ್ಯಾದ ಸೈನ್ಯ ಉಕ್ರೇನಿನ ಗಡಿ ದಾಟಿತು. ಅದಕ್ಕೆ ಎಂಟು ವರ್ಷ ಮೊದಲೇ, 2014ರಲ್ಲಿ, ಅದು ಕ್ರಿಮಿಯಾ ಪ್ರಾಂತವನ್ನು ನುಂಗಿತ್ತು. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ನೆಲದಲ್ಲಿ ಅಣ್ವಸ್ತ್ರಗಳಿದ್ದುವು. ನಿನ್ನ ಗಡಿಯನ್ನು ಗೌರವಿಸುತ್ತೇವೆಂದು 1994ರ ಡಿಸೆಂಬರಿನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ಬುಡಾಪೆಸ್ಟಿನಲ್ಲಿ ಸಹಿ ಹಾಕಿಕೊಟ್ಟವು. ಆ ಮಾತನ್ನು ನಂಬಿ ಅದು ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟಿತು. ಆಯುಧ ಕೆಳಗಿಟ್ಟವನ ಮೇಲೆ ಸಹಿ ಹಾಕಿದವನೇ ಕೈ ಮಾಡಿದ. ಇನ್ನು ಮುಂದೆ ಯಾವ ದೇಶ ತಾನೇ ಅಣ್ವಸ್ತ್ರ ಬಿಡಲು ಒಪ್ಪೀತು?

ರಷ್ಯಾ ಎಂದರೆ ಇನ್ನೂ ಕೆಂಬಾವುಟದ ನಾಡೆಂದು ತಿಳಿದಿರುವ ಕೆಲವು ಹಿರಿಯ ಮಿತ್ರರು ನಮ್ಮ ಮೇಲೆ ಮುನಿಯಬಹುದು. ಅವರು ಒಂದು ಸಂಗತಿಯನ್ನು ಗಮನಿಸಬೇಕು. ದಾಳಿಗೆ ಮೂರು ದಿನ ಮುಂಚೆ ಮಾಡಿದ ಭಾಷಣದಲ್ಲಿ ಅಧ್ಯಕ್ಷ ಪುಟಿನ್, ಉಕ್ರೇನ್ ಎಂಬುದು ಬೋಲ್ಷೆವಿಕರು ಹುಟ್ಟಿಸಿದ ದೇಶವೆಂದು ಲೆನಿನ್ನರನ್ನೇ ದೂಷಿಸಿದರು. ಇದು ಸಮಾಜವಾದಿಯ ಮಾತಲ್ಲ, ಜಾರ್ ಚಕ್ರವರ್ತಿಗಳ ಮಾತು. ಯುದ್ಧವನ್ನು ವಿರೋಧಿಸಿದ ಮಾರ್ಕ್ಸ್‌ವಾದಿ ವಿದ್ವಾಂಸ ಬೋರಿಸ್ ಕಾಗರ್ಲಿಟ್ಸ್ಕಿಯವರಿಗೆ 2024ರ ಫೆಬ್ರವರಿಯಲ್ಲಿ ಆ ಸರ್ಕಾರದ ನ್ಯಾಯಾಲಯ ಐದು ವರ್ಷದ ಸೆರೆವಾಸ ವಿಧಿಸಿತು. ಭಿಲಾಯಿ ಉಕ್ಕಿನ ಕಾರ್ಖಾನೆಗೆ ನೆರವಾದದ್ದು, 1971ರಲ್ಲಿ ಭದ್ರತಾ ಸಮಿತಿಯಲ್ಲಿ ನಮ್ಮ ಪರ ನಿಂತದ್ದು ಸೋವಿಯತ್ ಒಕ್ಕೂಟ. ಆ ಒಕ್ಕೂಟದಲ್ಲಿ ಉಕ್ರೇನಿನ ದುಡಿಮೆಗಾರರೂ ಇದ್ದರು. ನಾವು ಋಣಿಗಳಾದರೆ ಇಬ್ಬರಿಗೂ ಋಣಿಗಳು.

ಅಮೆರಿಕದ ಮುಂದಾಳುತನದ ನ್ಯಾಟೋ ಸೈನಿಕ ಕೂಟ ಪೂರ್ವಕ್ಕೆ ಚಾಚುತ್ತ ಬಂದದ್ದು ನಿಜ. ನಾವು ಯಾವ ಸೈನಿಕ ಕೂಟವನ್ನೂ ಒಪ್ಪುವವರಲ್ಲ. ಆದರೆ ನೆರೆಯವನು ಊರ ಸಾಹುಕಾರನ ಜೊತೆ ಸ್ನೇಹ ಬೆಳೆಸುತ್ತಿದ್ದಾನೆಂಬ ಕಾರಣಕ್ಕೆ ಅವನ ಮನೆಗೆ ನುಗ್ಗಿ ಹಿತ್ತಿಲನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗಿದೆ? 2022ರ ಸೆಪ್ಟೆಂಬರ್ 30ರಂದು ಉಕ್ರೇನಿನ ನಾಲ್ಕು ಪ್ರಾಂತಗಳು ತನ್ನವೆಂದು ರಷ್ಯಾ ಸಾರಿತು. ತನ್ನ ರಕ್ಷಣೆಗೆಂದು ಹೊರಟವನು ಜಮೀನಿನ ಪಟ್ಟಾ ಬರೆಸಿಕೊಳ್ಳುತ್ತಾನೆಯೆ?

ಯುದ್ಧದ ಬೆಂಕಿ ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಏರಿತೆಂಬುದನ್ನು ವಾಚಕರು ನೋಡಬೇಕು. ಕೆಲವೇ ದಿನಗಳಲ್ಲಿ ಮುಗಿಯುತ್ತದೆಂದು ಹೊರಟ ಯುದ್ಧಕ್ಕೆ ಅದೇ ಸೆಪ್ಟೆಂಬರಿನಲ್ಲಿ 3 ಲಕ್ಷ ಮೀಸಲು ಸೈನಿಕರನ್ನು ಕರೆಯಲಾಯಿತು. ಅಕ್ಟೋಬರಿನಿಂದ ವಿದ್ಯುತ್ ಕೇಂದ್ರಗಳ ಮೇಲೆ ಕ್ಷಿಪಣಿಗಳು ಬಿದ್ದು, ಚಳಿಗಾಲದ ಹೊಸ್ತಿಲಲ್ಲಿ ನಗರಗಳು ಕತ್ತಲೆಗೆ ಬಿದ್ದುವು. 2023ರಲ್ಲಿ ಪಶ್ಚಿಮದ ಟ್ಯಾಂಕುಗಳು ಬಂದುವು. ನೂರಕ್ಕೂ ಹೆಚ್ಚು ದೇಶಗಳು ನಿಷೇಧಿಸಿರುವ ಗೊಂಚಲು ಬಾಂಬುಗಳನ್ನು ಅಮೆರಿಕ ಉಕ್ರೇನಿಗೆ ಕಳಿಸಿತು. ರಷ್ಯಾ ಅವನ್ನು ಮೊದಲಿನಿಂದಲೂ ಹಾಕುತ್ತಲೇ ಇತ್ತು. 2024ರ ಆಗಸ್ಟಿನಲ್ಲಿ ಉಕ್ರೇನಿನ ಸೈನ್ಯ ರಷ್ಯಾದ ಕುರ್ಸ್ಕ್ ಪ್ರಾಂತಕ್ಕೆ ನುಗ್ಗಿತು. ರಷ್ಯಾದ ಪರ ಕಾದಲು ಉತ್ತರ ಕೊರಿಯಾದ ಸೈನಿಕರು ಬಂದರು. ನವೆಂಬರಿನಲ್ಲಿ ಅಮೆರಿಕದ ದೂರಗಾಮಿ ಕ್ಷಿಪಣಿಗಳು ರಷ್ಯಾದೊಳಗೆ ಬಿದ್ದಾಗ, ಅಣ್ವಸ್ತ್ರ ಬಳಸುವ ನಿಯಮವನ್ನು ಪುಟಿನ್ ಸಡಿಲಿಸಿದರು. ಪ್ರತಿಯೊಂದು ಮೆಟ್ಟಿಲಲ್ಲೂ ಇದೇ ಕೊನೆಯದೆಂದರು. ಪ್ರತಿಯೊಂದು ಮೆಟ್ಟಿಲಲ್ಲೂ ಸತ್ತವರು ರೈತರ ಮಕ್ಕಳು, ಗಣಿ ಕೆಲಸಗಾರರ ಮಕ್ಕಳು.

ಜಗತ್ತು ಏನು ಮಾಡಿತು? 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶಗಳು ಆಕ್ರಮಣವನ್ನು ಖಂಡಿಸಿದುವು. ವಿರುದ್ಧ ನಿಂತವು 5. ಸುಮ್ಮನೆ ಕೂತವು 35. ಸುಮ್ಮನೆ ಕೂತವರಲ್ಲಿ ನಾವೂ ಒಬ್ಬರು. ಭದ್ರತಾ ಸಮಿತಿಯಲ್ಲಿ ರಷ್ಯಾ ತನ್ನ ಮೇಲಿನ ದೂರನ್ನು ತಾನೇ ವೀಟೋ ಮಾಡಿತು. ಆರೋಪಿಯೇ ನ್ಯಾಯಾಧೀಶನಾದ ಕೋರ್ಟಿನಿಂದ ನಾವು ಇನ್ನೇನನ್ನು ನಿರೀಕ್ಷಿಸೋಣ? ಮೂರು ವರ್ಷ ಉಕ್ರೇನಿನ ಬೆನ್ನು ತಟ್ಟಿದ ಅಮೆರಿಕ, 2025ರ ಫೆಬ್ರವರಿ 24ರಂದು ಅದೇ ಮಹಾಸಭೆಯಲ್ಲಿ ಉಕ್ರೇನಿನ ನಿರ್ಣಯದ ವಿರುದ್ಧ ರಷ್ಯಾದ ಜೊತೆಗೇ ಕೈ ಎತ್ತಿತು. ಅಧ್ಯಕ್ಷರು ಬದಲಾದರು, ಕಲ್ಲೂ ಬದಲಾಯಿತು. ಸುಳ್ಳು ನೆಪ ಹೇಳಿ 2003ರಲ್ಲಿ ಇರಾಕಿನ ಮೇಲೆ ಬಿದ್ದವರು ಗಡಿಯ ಪಾವಿತ್ರ್ಯದ ಬಗ್ಗೆ ಉಪದೇಶ ಮಾಡಿದಾಗಲೇ ನಮಗೆ ಈ ಸಂಶಯವಿತ್ತು.

ಇನ್ನು ನಮ್ಮ ಮನೆಯ ಲೆಕ್ಕ. 1956ರಲ್ಲಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಈಜಿಪ್ಟಿನ ಮೇಲೆ ಬಿದ್ದಾಗ ನಮ್ಮ ಸರ್ಕಾರ ಗಟ್ಟಿಯಾಗಿ ಖಂಡಿಸಿತು. ಅದೇ ದಿನಗಳಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೆರಿಯ ಕೆಲಸಗಾರರನ್ನು ತುಳಿದಾಗ ಅದರ ನಾಲಿಗೆ ತೊದಲಿತು. ಆಗ ನೆಹರೂ ಅವರನ್ನು ಬಹಿರಂಗವಾಗಿ ತಡವಿಕೊಂಡವರು ಜಯಪ್ರಕಾಶ ನಾರಾಯಣರು. 2003ರ ಏಪ್ರಿಲಿನಲ್ಲಿ ಇರಾಕಿನ ಮೇಲಿನ ದಾಳಿಯನ್ನು ನಮ್ಮ ಲೋಕಸಭೆ ಒಮ್ಮತದಿಂದ ನಿಂದಿಸಿತು. ಅದು ಸರಿಯಾದ ಕೆಲಸ. ಉಕ್ರೇನಿಗೆ ಆ ಕಲ್ಲು ಏಕೆ ಸಿಕ್ಕಲಿಲ್ಲ? ನಾವು ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವರು. ದೊಡ್ಡ ಹುಡುಗ ಚಿಕ್ಕವನ ಬುತ್ತಿ ಕಿತ್ತುಕೊಂಡಾಗ, "ಇಬ್ಬರೂ ಜಗಳ ನಿಲ್ಲಿಸಿ" ಎಂದಷ್ಟೇ ಹೇಳುವ ಮೇಷ್ಟರು ನಿಷ್ಪಕ್ಷಪಾತಿಯಲ್ಲ. ಬುತ್ತಿ ಯಾರ ಕೈಯಲ್ಲಿ ಉಳಿಯಿತೆಂಬುದನ್ನು ತರಗತಿಯೆಲ್ಲ ನೋಡುತ್ತಿರುತ್ತದೆ.

ಅಗ್ಗದ ತೈಲ ಸಿಕ್ಕಿತಲ್ಲ ಎನ್ನುತ್ತಾರೆ. ಸಿಕ್ಕಿದ್ದು ನಿಜ. ಯುದ್ಧಕ್ಕೆ ಮುಂಚೆ ನಾವು ತರಿಸುವ ತೈಲದಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲದ ರಷ್ಯಾದ ತೈಲ, ಮೂರರಲ್ಲಿ ಒಂದು ಪಾಲನ್ನು ದಾಟಿತು. ಆದರೆ 2022ರ ಮೇಯಿಂದ 2024ರ ಮಾರ್ಚ್‌ವರೆಗೆ ಪೆಟ್ರೋಲ್ ಬಂಕಿನ ದರ ಕದಲಲಿಲ್ಲ. ಶುದ್ಧೀಕರಿಸಿದ ಡೀಸೆಲನ್ನು ಯುರೋಪಿಗೇ ಮಾರಿ ನಮ್ಮ ದೊಡ್ಡ ಕಂಪನಿಗಳು ಲಾಭ ಎಣಿಸಿದುವು. ರಷ್ಯಾವನ್ನು ಬೈಯುತ್ತಲೇ ಯುರೋಪು ಅದನ್ನು ಕೊಂಡಿತು. ದಂಡ ತೆರುವ ಹೊತ್ತು ಬಂದಾಗ ಯಾರು ತೆತ್ತರು? ರಷ್ಯಾದ ತೈಲದ ನೆಪದಲ್ಲಿ 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ನೂರಕ್ಕೆ 50ಕ್ಕೆ ಏರಿಸಿದಾಗ ಪೆಟ್ಟು ಬಿದ್ದದ್ದು ಸಿದ್ಧ ಉಡುಪಿನ ಕಾರ್ಖಾನೆಗಳ ದುಡಿಮೆಗಾರರಿಗೆ. ಸೂರ್ಯಕಾಂತಿ ಎಣ್ಣೆ ಉಕ್ರೇನಿನಿಂದ ನಿಂತಾಗ ದರ ಕೇಳಿ ಬೈದ ಗಿರಾಕಿಗೆ ಉತ್ತರ ಹೇಳಿದವರು ಪೇಟೆಯ ಚಿಲ್ಲರೆ ಅಂಗಡಿಯವರು.

ದುಡ್ಡಿಗಿಂತ ದೊಡ್ಡ ನಷ್ಟವೂ ಇದೆ. ಇಲ್ಲಿನ ಖಾಸಗಿ ಕಾಲೇಜುಗಳ ಶುಲ್ಕ ತೆರಲಾರದೆ ನಮ್ಮ ಸಾವಿರಾರು ಮಕ್ಕಳು ವೈದ್ಯ ವಿದ್ಯೆಗಾಗಿ ಉಕ್ರೇನಿಗೆ ಹೋಗಿದ್ದರು. ಅವರಲ್ಲಿ ನಮ್ಮ ಕರ್ನಾಟಕದ ಒಬ್ಬ ಹುಡುಗ 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ರಷ್ಯಾದ ದಾಳಿಗೆ ಬಲಿಯಾದ. ಕೆಲಸ ಕೊಡಿಸುತ್ತೇವೆಂಬ ದಲ್ಲಾಳಿಗಳ ಮಾತು ನಂಬಿ ಹೋದ ನಮ್ಮ ತರುಣರು ರಷ್ಯಾದ ಸೈನ್ಯದ ಸಮವಸ್ತ್ರ ತೊಟ್ಟು ಮುಂಚೂಣಿಯಲ್ಲಿ ನಿಂತರು. ಅಂಥವರಲ್ಲಿ 12 ಮಂದಿ ಸತ್ತರೆಂದು 2025ರ ಜನವರಿಯಲ್ಲಿ ನಮ್ಮ ವಿದೇಶಾಂಗ ಸಚಿವಾಲಯವೇ ಒಪ್ಪಿತು. ಸುಮ್ಮನಿದ್ದರೆ ಬೆಂಕಿ ನಮ್ಮ ಮನೆಗೆ ತಾಗದೆಂಬ ಲೆಕ್ಕ ಹೀಗೆ ತಪ್ಪಾಯಿತು.

ನಮ್ಮ ಬೇಡಿಕೆ ದೊಡ್ಡದೇನೂ ಅಲ್ಲ. ಆಕ್ರಮಣವನ್ನು ಆಕ್ರಮಣವೆಂದು ಕರೆಯಿರಿ, ಮಾಡಿದವರು ವಾಷಿಂಗ್ಟನ್ನಿನವರಾಗಲಿ, ಮಾಸ್ಕೋದವರಾಗಲಿ. ಸಂಧಿಯ ಮಾತನ್ನು ಎಲ್ಲರಿಗಿಂತ ಮೊದಲು ಆಡಿರಿ. ಆದರೆ ಬಲದಿಂದ ಕಿತ್ತುಕೊಂಡ ನೆಲಕ್ಕೆ ಒಪ್ಪಿಗೆಯ ಮುದ್ರೆ ಒತ್ತಬೇಡಿರಿ. ಇಂದು ಅಲ್ಲಿ ಒತ್ತಿದ ಮುದ್ರೆ ನಾಳೆ ಹಿಮಾಲಯದ ಗಡಿಯಲ್ಲಿ ನಮ್ಮ ವಿರುದ್ಧವೇ ಸಾಕ್ಷಿಯಾದೀತು. ಗಿರಣಿಯ ಬಾಗಿಲ ಸಭೆಗಳಲ್ಲಿಯೂ ಪೇಟೆಯ ಕಟ್ಟೆಗಳಲ್ಲಿಯೂ ಈ ಮಾತು ಚರ್ಚೆಯಾಗಲಿ. ಸರ್ಕಾರದ ತಕ್ಕಡಿ ಹಿಡಿದವರು ಕಲ್ಲು ಬದಲಿಸಿದರೆ ಕೈ ಹಿಡಿದು ಕೇಳಬೇಕಾದವರು ನಾವೇ.