ರುಜು ಹಾಕಿದ ಮೇಲೆ ಆತ್ಮಸಾಕ್ಷಿಯೆ?

ಸೋದರಿಯರೇ, ಈ ಸಲ ರಾಷ್ಟ್ರಪತಿ ಚುನಾವಣೆಯ ಮಾತು. “ಅದರಲ್ಲಿ ನಮಗೆ ಓಟೇ ಇಲ್ಲವಲ್ಲ, ನಮಗ್ಯಾಕ್ರೀ ಅದು?” ಅಂತ ಪುಟ ಮಗುಚಿ ಅಡುಗೆ ವಿಭಾಗಕ್ಕೆ ಹೋಗಬೇಡಿ. ಒಲೆ ಸಣ್ಣ ಮಾಡಿ ಐದು ನಿಮಿಷ ಕೊಡಿ. ಇದು ನಮ್ಮ ದಾವಣಗೆರೆ-ಹರಿಹರದ ಕಡೆಯವರೊಬ್ಬರ ಕಥೆಯೂ ಹೌದು, ನಮ್ಮ ನಿಮ್ಮ ಮನೆಯ ಕಥೆಯೂ ಹೌದು.

ಮೊದಲು ಲೆಕ್ಕ. ನಾವು ಶಾಸಕರನ್ನೂ ಸಂಸದರನ್ನೂ ಆರಿಸುತ್ತೇವೆ. ಅವರು ರಾಷ್ಟ್ರಪತಿಯನ್ನು ಆರಿಸುತ್ತಾರೆ. ಆದರೆ ಎಲ್ಲರ ಓಟಿಗೂ ಒಂದೇ ತೂಕವಲ್ಲ. 1971ರ ಜನಗಣತಿ ಹಿಡಿದು ತೂಕ ಕಟ್ಟುತ್ತಾರೆ. 2022ರಲ್ಲಿ ದ್ರೌಪದಿ ಮುರ್ಮು ಅವರು ಗೆದ್ದ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕರ ಓಟಿನ ಬೆಲೆ 131, ಸಂಸದರದ್ದು 700. ಓಟಿನ ಚೀಟಿಯಲ್ಲಿ 1, 2, 3 ಅಂತ ಇಷ್ಟದ ಕ್ರಮ ಬರೆಯಬೇಕು. ಹೋಟೆಲಿನಲ್ಲಿ “ಬೆಣ್ಣೆ ದೋಸೆ ಕೊಡ್ರಿ, ಅದು ಮುಗಿದಿದ್ದರೆ ಖಾಲಿ ದೋಸೆ ಆದೀತು” ಅನ್ನುತ್ತೇವಲ್ಲ, ಹಾಗೆ! ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ, ಹಿಂದೆ ಬಿದ್ದವರ ಚೀಟಿಯಲ್ಲಿರುವ ಎರಡನೆಯ ಇಷ್ಟ ಎಣಿಕೆಗೆ ಬರುತ್ತದೆ.

ಇನ್ನು ಕಥೆ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರು ಎಸ್. ನಿಜಲಿಂಗಪ್ಪನವರು. ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು, ಹರಿಹರಕ್ಕೆ ದೂರವೇನಲ್ಲ. ಓದಿದ್ದು ದಾವಣಗೆರೆ, ಚಿತ್ರದುರ್ಗಗಳಲ್ಲಿ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಅಂದರೆ, ನಮ್ಮ ಮನೆಯ ಹಿರಿಯರು ದೊಡ್ಡ ಮನೆಯ ಯಜಮಾನರಾಗಿದ್ದರು ಅನ್ನಿ.

ಜುಲೈನಲ್ಲಿ ಬೆಂಗಳೂರಿನಲ್ಲಿ ಪಕ್ಷದ ಹಿರಿಯರು ಸೇರಿ, ನೆರೆಯ ಆಂಧ್ರದ ನೀಲಂ ಸಂಜೀವ ರೆಡ್ಡಿಯವರ ಹೆಸರನ್ನು ಬಹುಮತದಿಂದ ಆರಿಸಿದರು. ಪ್ರಧಾನಿ ಇಂದಿರಾ ಗಾಂಧಿಯವರ ಮನಸ್ಸಿನಲ್ಲಿದ್ದದ್ದು ಬೇರೆ ಹೆಸರು. ಆದರೂ ರೆಡ್ಡಿಯವರ ನಾಮಪತ್ರಕ್ಕೆ ಅವರೇ ರುಜು ಹಾಕಿದರು. ಅತ್ತ ವಿ.ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ಅವರೇನು ನಮಗೆ ಹೊಸಬರಲ್ಲ, 1965ರಿಂದ 67ರವರೆಗೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದವರು. ಮೂರನೆಯವರು ಸಿ.ಡಿ. ದೇಶಮುಖರು; ಅವರ ಬೆನ್ನಿಗೆ ಜನಸಂಘ ಮತ್ತು ಸ್ವತಂತ್ರ ಪಕ್ಷ.

ನಿಜಲಿಂಗಪ್ಪನವರು ಎರಡನೆಯ ಇಷ್ಟದ ಓಟು ರೆಡ್ಡಿಯವರಿಗೆ ಬರಲಿ ಅಂತ ಆ ಎರಡು ಪಕ್ಷಗಳ ಮುಖಂಡರ ಜೊತೆ ಮಾತಾಡಿದರು. ಅದೇ ನೆಪವಾಯಿತು. ಇಂದಿರಾ ಅವರ ಕಡೆಯಿಂದ “ಆತ್ಮಸಾಕ್ಷಿಯಂತೆ ಓಟು ಹಾಕಿ” ಎಂಬ ಕರೆ ಹೊರಟಿತು. ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಎರಡನೆಯ ಇಷ್ಟದ ಓಟುಗಳೂ ಸೇರಿ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ನವೆಂಬರ್ ಹೊತ್ತಿಗೆ ಮನೆಯೇ ಎರಡು ಪಾಲಾಯಿತು.

ನಾನು ಹಳೇ ಪದ್ಧತಿಯವಳು, ಅದನ್ನು ಮುಚ್ಚಿಡುವುದಿಲ್ಲ. ಹಿರಿಯರ ಮಾತಿಗೆ ಬೆಲೆ ಇರಬೇಕು, ಪಕ್ಷವಾಗಲಿ ಮನೆಯಾಗಲಿ ಒಂದು ಕಟ್ಟಿನಲ್ಲಿ ನಡೆಯಬೇಕು ಅನ್ನುವವಳು. ಹಾಗಾಗಿ 1969ರ ಈ ಪ್ರಸಂಗದಲ್ಲಿ ನನ್ನನ್ನು ಚುಚ್ಚುವುದು ಆ ರುಜು. ನಿಶ್ಚಿತಾರ್ಥದಲ್ಲಿ ತಾಂಬೂಲ ಬದಲಾಯಿಸಿ, ಲಗ್ನಪತ್ರಿಕೆ ಬರೆಸಿ, ಆಮೇಲೆ “ನನ್ನ ಮನಸ್ಸು ಒಪ್ಪಲಿಲ್ಲ” ಅಂದರೆ ಬೀಗರು ಏನಂದಾರು? ಒಪ್ಪದಿದ್ದರೆ ರುಜು ಹಾಕುವ ಮೊದಲೇ ಹೇಳಬೇಕಿತ್ತು.

ಆದರೆ ನ್ಯಾಯ ಅಂದರೆ ಎರಡೂ ಕಡೆ ನೋಡಬೇಕಲ್ಲ? ರಾಷ್ಟ್ರಪತಿ ಚುನಾವಣೆ ಗುಪ್ತ ಮತದಾನ. ಇಂಥವರಿಗೇ ಹಾಕಿ ಅಂತ ಪಕ್ಷ ವಿಪ್ ಹೊರಡಿಸುವಂತಿಲ್ಲ. ಆ ಪೀಠ ಯಾವ ಪಕ್ಷದ ಸ್ವತ್ತೂ ಅಲ್ಲ, ದೇಶದ್ದು. ಪ್ರಧಾನಿಗೆ ಒಪ್ಪಿಗೆಯಿಲ್ಲದ ಹೆಸರನ್ನು ಬಹುಮತದ ಬಲದಿಂದ ತಲೆಯ ಮೇಲಿಟ್ಟದ್ದು ಹಿರಿಯರಿಗೂ ಶೋಭೆಯಲ್ಲ. ಸೊಸೆಯ ಬಾಯಿ ಮುಚ್ಚಿಸಿ “ಹೂಂ” ಅನ್ನಿಸಿಕೊಂಡರೆ ಆ “ಹೂಂ” ಎಷ್ಟು ದಿನ ನಿಂತೀತು, ನೀವೇ ಹೇಳಿ.

ಮುಂದೇನಾಯಿತು? 1971ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ 27 ಸ್ಥಾನಗಳೂ ಇಂದಿರಾ ಅವರ ಪಕ್ಷಕ್ಕೇ ಹೋದವು. ಸ್ವಂತ ನಾಡಿನಲ್ಲೇ ಹಿರಿಯರ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ಹಾಗಂತ ಕಾಲ ಒಂದೇ ಕಡೆ ನಿಲ್ಲುತ್ತದೆಯೆ? ಅದೇ ಸಂಜೀವ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು!

ಈಗ ನಮ್ಮ ಮನೆಗೆ ಬನ್ನಿ. ಚುನಾವಣೆಯ ಹಿಂದಿನ ರಾತ್ರಿ ಯಜಮಾನರು ಊಟಕ್ಕೆ ಕೂತು “ನಾಳೆ ಇಂಥ ಗುರುತಿಗೆ ಒತ್ತು” ಅನ್ನುತ್ತಾರೆ. ನಾವು ರೊಟ್ಟಿ ಬಡಿಸುತ್ತಾ “ಆಗಲಿ” ಅಂದುಬಿಡುತ್ತೇವೆ. ಆಮೇಲೆ ಎರಡೇ ದಾರಿ. ಒಂದು, ಮನಸ್ಸಿಗೆ ಒಪ್ಪದವರಿಗೆ ಓಟು. ಇನ್ನೊಂದು, ಕೊಟ್ಟ ಮಾತಿಗೆ ಸುಳ್ಳು. ಎರಡೂ ಒಳ್ಳೆಯದಲ್ಲ ತಾಯಂದಿರೇ. ಸಂಪ್ರದಾಯ ಅಂದರೆ ಬಾಯಿಲ್ಲದವಳಾಗಿರು ಅಂತಲ್ಲ, ಆಡಿದ ಮಾತಿನಂತೆ ನಡೆ ಅಂತ. ಹಾಗೆ ನಡೆಯಬೇಕಾದರೆ ಸುಮ್ಮಸುಮ್ಮನೆ “ಆಗಲಿ” ಅನ್ನಬಾರದು. “ನೀವು ಹೇಳಿದ್ದು ಕೇಳಿಸಿಕೊಂಡೆ, ನಾನೂ ಯೋಚಿಸಿ ಹಾಕ್ತೀನಿ” ಅನ್ನಿ. ದನಿ ಏರಿಸಬೇಕಿಲ್ಲ, ಮುಖ ಗಂಟಿಕ್ಕಬೇಕಿಲ್ಲ. ಸೊಸೆ ಹಾಗೆ ಅಂದರೆ ಅತ್ತೆಯಾದವರೂ ಗದರಬೇಡಿ.

ಇನ್ನು ಬಾಗಿಲಿಗೆ ಬಂದು ಸೀರೆ, ಬೆಳ್ಳಿ ಕುಂಕುಮದ ಬಟ್ಟಲು ಇಟ್ಟು ಆಣೆ ಮಾಡಿಸುವವರು. ತೆಗೆದುಕೊಂಡರೆ ಆಣೆಯ ಭಾರ, ಕಾನೂನಿನ ಕಣ್ಣಲ್ಲಿ ತಪ್ಪು ಕೂಡ. ಅರಿಶಿನ ಕುಂಕುಮ ಕೊಟ್ಟು ಕಳಿಸಿ, ಸೀರೆ ಬೇಡ ಅನ್ನಿ.

ಹಾಗೇ ಮುಂದಿನ ವಿಧಾನಸಭೆ ಚುನಾವಣೆಯಲ್ಲಿ ಓಟು ಕೇಳಲು ಬಂದವರನ್ನು ನಿಲ್ಲಿಸಿ ಒಂದು ಮಾತು ಕೇಳಿ: “ರಾಷ್ಟ್ರಪತಿ ಚುನಾವಣೆ ಬಂದರೆ ನಿಮ್ಮ ಓಟು ಯಾವ ಲೆಕ್ಕದ ಮೇಲೆ ಹಾಕ್ತೀರಿ?” ಅವರ ಕೈಯಲ್ಲಿರುವ ತೂಕ ನಾವು ಕೊಟ್ಟದ್ದು ತಾನೆ? ಉತ್ತರ ಏನು ಬಂತು ಅಂತ ನನಗೂ ಒಂದು ಕಾಗದ ಬರೆಯಿರಿ.